ಆಡಿಷನ್‌ಗೆ ಮುನ್ನ ಕೈಯಲ್ಲೇ ಕುಣಿಯಿರಿ

ನಾಳೆ ಡಾನ್ಸ್ ಆಡಿಷನ್. ಇವತ್ತು ರಾತ್ರಿ ಮತ್ತೊಂದು ಸಲ ಪೂರ್ತಿ ಕುಣಿಯಬೇಕಾ? ಬೇಡ. ಮಾರ್ಕಿಂಗ್ ಮಾಡಿ. ಅಂದರೆ ಜಿಗಿತ, ಸುತ್ತು ಯಾವುದನ್ನೂ ಪೂರ್ತಿ ಮಾಡದೆ, ಕೈಸನ್ನೆಯಲ್ಲೇ ಇಡೀ ನೃತ್ಯವನ್ನು ಮನಸ್ಸಿನಲ್ಲಿ ನಡೆಸುವುದು. 2013ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಬ್ಯಾಲೆ ವಿದ್ಯಾರ್ಥಿಗಳು ಹೀಗೆ ಮಾರ್ಕ್ ಮಾಡಿ ಅಭ್ಯಾಸ ಮಾಡಿದ ನೃತ್ಯವನ್ನೇ ಹೆಚ್ಚು ಚೆನ್ನಾಗಿ ಮಾಡಿದರು. ದೇಹದ ಶ್ರಮ ಇಳಿದಾಗ, ಮುಂದಿನ ಹೆಜ್ಜೆಯ ಮೇಲೆ ಗಮನ ನಿಲ್ಲುತ್ತದೆ.

ಭರತನಾಟ್ಯದವರೇ, ಕೂತು ತಾಳ ಹಾಕುತ್ತಾ ಜತಿ ಹೇಳಿಕೊಳ್ಳಿ. ಅಡವು ತಾನಾಗಿ ಕಣ್ಣಮುಂದೆ ಬರುತ್ತದೆ. ನಡುವಿನಿಂದಲೂ ಶುರುಮಾಡಿ ನೋಡಿ, ಇದು ತುಂಬ ಮುಖ್ಯ! ಮೊದಲಿನಿಂದ ಮಾತ್ರ ನೆನಪಿರುವ ನೃತ್ಯ, ಒಂದು ಹೆಜ್ಜೆ ತಪ್ಪಿದರೆ ಅಲ್ಲೇ ನಿಂತುಬಿಡಬಹುದು.

ಸರದಿಗೆ ಕಾಯುವಾಗ ಬೇರೆಯವರನ್ನು ನೋಡುತ್ತಾ ಕೂರಬೇಡಿ. ನಿಮ್ಮ ಮೊದಲ ಎಂಟು ಎಣಿಕೆಯನ್ನೇ ಮಾರ್ಕ್ ಮಾಡುತ್ತಿರಿ.