ಚಿತ್ರಸಂಕಲನ: ಕತ್ತರಿಯ ಹಿಂದಿನ ವಿಜ್ಞಾನ

ಚಲಚ್ಚಿತ್ರವೆಂದೊಡನೆ ಜನರಿಗೆ ಮೊದಲು ನೆನಪಾಗುವವರು ನಟರು, ಬಳಿಕ ಕ್ಯಾಮರಾ. ತೆಗೆದ ದೃಶ್ಯಗಳನ್ನು ಆರಿಸಿ, ಕತ್ತರಿಸಿ, ಒಂದರ ಬೆನ್ನಿಗೆ ಇನ್ನೊಂದನ್ನು ಜೋಡಿಸುವ ಸಂಕಲನಕಾರನ ನೆನಪು ಬರುವುದು ಅಪರೂಪ. ಆದರೆ ಒಮ್ಮೆ ಆ ಕೆಲಸಕ್ಕೆ ಕುಳಿತವರಿಗೆ, ಚಿತ್ರವು ರೂಪುಗೊಳ್ಳುವುದು ಆ ಮೇಜಿನ ಮುಂದೆಯೇ ಎಂಬುದು ಬೇಗನೆ ಮನದಟ್ಟಾಗುತ್ತದೆ. ಹಿಂದೆ ಇದಕ್ಕೆ ಫಿಲ್ಮ್ ಸುರುಳಿ, ಕತ್ತರಿ, ಅಂಟು ಬೇಕಾಗಿದ್ದುವು. ಇಂದು ಅವೆಲ್ಲವೂ ಕಂಪ್ಯೂಟರಿನ ಪರದೆಯೊಳಗೆ ಅಡಗಿವೆ. ‘ಕತ್ತರಿಸುವುದು’ ಎಂಬ ಮಾತು ಮಾತ್ರ ಹಾಗೆಯೇ ಉಳಿದಿದೆ.

ಕಳೆದ ಬೇಸಗೆಯಲ್ಲಿ ನಮ್ಮ ಕೆಲವು ವಿದ್ಯಾರ್ಥಿಗಳು ಆರು ನಿಮಿಷಗಳ ಒಂದು ಸಾಕ್ಷ್ಯಚಿತ್ರವನ್ನು ತಯಾರಿಸಿದರು. ಅದರ ವಸ್ತು ಕರಾವಳಿಯ ದೋಣಿ: ಅದರ ದುರಸ್ತಿ, ಅದು ಕಡಲಿಗಿಳಿಯುವುದು, ಅದು ತಂದ ಮೀನು ಮಾರಾಟವಾಗುವುದು. ದುರಸ್ತಿಯನ್ನು ಕುಂದಾಪುರದ ಅಳಿವೆಯ ದಂಡೆಯಲ್ಲಿಯೂ, ಕಡಲನ್ನು ಬೈಂದೂರಿನ ಸೋಮೇಶ್ವರದಲ್ಲಿಯೂ, ಮಾರಾಟವನ್ನು ಬ್ರಹ್ಮಾವರದ ಮೀನುಪೇಟೆಯಲ್ಲಿಯೂ ಚಿತ್ರಿಸಿದರು. ಮೂರು ಗಂಟೆಗಳಷ್ಟು ದೃಶ್ಯ ಸಂಗ್ರಹವಾಯಿತು. ಸಂಕಲನಕ್ಕೆ ಕುಳಿತಾಗ ಎದ್ದ ಪ್ರಶ್ನೆಗಳಲ್ಲಿ ಬಹುಪಾಲು ಭೌತವಿಜ್ಞಾನದ ತರಗತಿಗೆ ಸೇರಿದುವು. ಒಂದು ಮಾತ್ರ ಅದನ್ನೂ ಮೀರಿದುದು. ಅವನ್ನು ಒಂದೊಂದಾಗಿ ನೋಡೋಣ.

ಈ ಸೀಮೆಗೆ ಚಲಚ್ಚಿತ್ರ ಹೊಸತಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ಸುಮಾರಿಗೇ ‘ಡೊಮಿಂಗೊ’ ಎಂಬ ಮೂಕಿ ಚಿತ್ರವನ್ನು ನಿರ್ದೇಶಿಸಿದ್ದರು; ಮುಂದೆ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ರಚಿಸಿದವರೂ ಅವರೇ. ಮಣಿಪಾಲದಲ್ಲಿ ಔಷಧವಿಜ್ಞಾನವನ್ನು ಓದಿದ ಗಿರೀಶ ಕಾಸರವಳ್ಳಿಯವರು ಬಳಿಕ ಪುಣೆಯ ಚಲಚ್ಚಿತ್ರ ಸಂಸ್ಥೆಯನ್ನು ಸೇರಿ, ಅಲ್ಲಿ ವಿದ್ಯಾರ್ಥಿಯಾಗಿದ್ದಾಗ ‘ಅವಶೇಷ’ ಎಂಬ ಕಿರುಚಿತ್ರವನ್ನು ತಯಾರಿಸಿದರು. ಅದಕ್ಕೆ 1975ರ ಸಾಲಿನ ರಾಷ್ಟ್ರಪ್ರಶಸ್ತಿ ದೊರೆಯಿತು. ವಿದ್ಯಾರ್ಥಿಗಳ ಚಿತ್ರವೆಂದರೆ ಬರಿಯ ಆಟವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕಣ್ಣು ಮತ್ತು ಮಿದುಳು

ಚಲಚ್ಚಿತ್ರದಲ್ಲಿ ಚಲಿಸುವುದು ಯಾವುದೂ ಇಲ್ಲ. ಪರದೆಯ ಮೇಲೆ ಸೆಕೆಂಡಿಗೆ 24ರಂತೆ ನಿಶ್ಚಲವಾದ ಬಿಡಿಚಿತ್ರಗಳು ಬಂದುಹೋಗುತ್ತವೆ. ಆರು ನಿಮಿಷಗಳ ಚಿತ್ರವೆಂದರೆ 8,640 ಬಿಡಿಚಿತ್ರಗಳು. ಇವು ಚಲನೆಯಾಗಿ ತೋರುವುದೇತಕ್ಕೆ? ಕಣ್ಣಿನಲ್ಲಿ ಬಿಂಬವು ಕ್ಷಣಕಾಲ ನಿಲ್ಲುವುದರಿಂದ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದುವು. ಬೆಲ್ಜಿಯಂ ದೇಶದ ಭೌತವಿಜ್ಞಾನಿ ಪ್ಲಾಟೊ 1832ರಲ್ಲಿ ತಿರುಗುವ ತಟ್ಟೆಯ ಮೇಲೆ ಚಿತ್ರಗಳನ್ನು ಬರೆದು ಕುಣಿಸಿ ತೋರಿಸಿದ ಕಾಲದಿಂದ ಈ ವಿವರಣೆ ಬಳಕೆಯಲ್ಲಿತ್ತು. ಆದರೆ ಬಿಂಬವು ಕಣ್ಣಿನಲ್ಲಿ ನಿಲ್ಲುವುದಷ್ಟೇ ಆದರೆ, ಒಂದರ ಮೇಲೊಂದು ಚಿತ್ರ ಕೂಡಿ ಕಲಸುಮೇಲೋಗರವಾಗಬೇಕಿತ್ತಲ್ಲವೆ? 1912ರಲ್ಲಿ ಮ್ಯಾಕ್ಸ್ ವರ್ಟ್‌ಹೈಮರ್ ಎಂಬ ಮನೋವಿಜ್ಞಾನಿ ಇದಕ್ಕೆ ಹೊಸ ದಾರಿ ತೋರಿದರು. ಸ್ವಲ್ಪ ಅಂತರದಲ್ಲಿರುವ ಎರಡು ಗೆರೆಗಳನ್ನು ಸುಮಾರು 60 ಮಿಲಿಸೆಕೆಂಡುಗಳ ಬಿಡುವಿನಲ್ಲಿ ಒಂದಾದ ಮೇಲೊಂದು ತೋರಿಸಿದರೆ, ನೋಡುವವರಿಗೆ ಒಂದೇ ಗೆರೆಯು ಅಲ್ಲಿಂದ ಇಲ್ಲಿಗೆ ಸರಿದಂತೆ ಕಾಣುತ್ತದೆ. ಸರಿದದ್ದು ಗೆರೆಯಲ್ಲ, ಸರಿಸಿದ್ದು ಮಿದುಳು.

ಸಂಕಲನಕ್ಕೆ ಆಧಾರವಾದುದೂ ಮಿದುಳಿನ ಈ ಜೋಡಿಸುವ ಸ್ವಭಾವವೇ. 1920ರ ಸುಮಾರಿಗೆ ರಷ್ಯದ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದರು. ನಟನೊಬ್ಬನ ಭಾವರಹಿತವಾದ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ, ಒಮ್ಮೆ ಆಡುವ ಮಗುವಿನೊಡನೆ ಜೋಡಿಸಿದರು. ಪ್ರೇಕ್ಷಕರು ಆ ಮುಖದಲ್ಲಿ ಹಸಿವು, ದುಃಖ, ವಾತ್ಸಲ್ಯಗಳನ್ನು ಕಂಡು ನಟನನ್ನು ಕೊಂಡಾಡಿದರೆಂದು ಅವರ ಶಿಷ್ಯ ಪುಡೋವ್‌ಕಿನ್ ಬರೆದಿದ್ದಾರೆ. ಇನ್ನೊಂದು ಪ್ರಯೋಗದಲ್ಲಿ ಕುಲೆಶೋವ್ ಮಾಸ್ಕೋ ನಗರದ ಬೀದಿಗಳ ನಡುವೆ ಅಮೆರಿಕದ ಶ್ವೇತಭವನವನ್ನು ತಂದು ನಿಲ್ಲಿಸಿದರು! ಹಾಗೆಯೇ ನಮ್ಮ ವಿದ್ಯಾರ್ಥಿಗಳ ಚಿತ್ರದಲ್ಲಿ, ಐವತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹರಡಿದ ಮೂರು ಊರುಗಳು ಒಂದೇ ಊರಿನಂತೆ ಕಂಡುವು.

ಸೂರ್ಯ ಮತ್ತು ಸಮುದ್ರ

ಮನುಷ್ಯರ ಮಿದುಳು ಹೀಗೆ ಒಪ್ಪಿಕೊಂಡರೂ, ಒಪ್ಪದ ಸಾಕ್ಷಿಗಳು ಎರಡಿದ್ದುವು. ಮೊದಲನೆಯದು ಸೂರ್ಯ. ಮರವಂತೆಯಲ್ಲಿ ಹೆದ್ದಾರಿಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ ನದಿ. ಅಲ್ಲಿ ಸೈಕಲ್ಲಿನಲ್ಲಿ ಸಾಗುವ ಮೀನುಗಾರನೊಬ್ಬನನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚಿತ್ರಿಸಿದ್ದರು. ಬೆಳಗಿನ ನೆರಳು ಕಡಲಿನ ಕಡೆಗೆ, ಸಂಜೆಯದು ನದಿಯ ಕಡೆಗೆ. ಎರಡನ್ನೂ ನೇರವಾಗಿ ಜೋಡಿಸಿದಾಗ ನೆರಳು ಆತನ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾರಿತು. ನಡುವೆ ತಿರುಗುವ ಚಕ್ರದ ಸಮೀಪದೃಶ್ಯವೊಂದನ್ನು ಎರಡು ಸೆಕೆಂಡು ಇಟ್ಟಾಗ, ಹೊತ್ತು ಸಂದಿತೆಂದು ನೋಡುವವರೇ ತಿಳಿದುಕೊಂಡರು.

ಎರಡನೆಯ ಸಾಕ್ಷಿ ಸಮುದ್ರ. ಪಂಚಗಂಗಾವಳಿಯ ಅಳಿವೆಯಲ್ಲಿ ದೋಣಿಯ ದುರಸ್ತಿಯನ್ನು ಒಂದು ಭಾನುವಾರ ಸಂಜೆ ನಾಲ್ಕು ಗಂಟೆಗೆ ಚಿತ್ರಿಸಿದರು. ನೀರು ದಂಡೆ ತುಂಬಿತ್ತು. ಉಳಿದುದನ್ನು ಮುಂದಿನ ಭಾನುವಾರ ಅದೇ ಹೊತ್ತಿಗೆ ಚಿತ್ರಿಸಲು ಹೋದರೆ, ಕಂಡದ್ದು ಬರಿಯ ಕೆಸರು. ಕಾರಣ ಸರಳವಾಗಿದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಚಂದ್ರನ ಚಲನೆಯಿಂದಾಗಿ ಭರತವು ದಿನದಿನವೂ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಏಳು ದಿನಗಳಲ್ಲಿ ಈ ತಡವು 350 ನಿಮಿಷ, ಎಂದರೆ ಆರು ಗಂಟೆಗೆ ಹತ್ತಿರ. ಭರತದಿಂದ ಇಳಿತಕ್ಕೆ ಇರುವ ಅಂತರವೂ ಸುಮಾರು ಅಷ್ಟೇ! ಇನ್ನೊಂದು ವಾರ ಕಾದರೆ ತಡವು ಹನ್ನೆರಡು ಗಂಟೆಗೆ ಸಮೀಪಿಸಿ, ಅದೇ ಹೊತ್ತಿಗೆ ಮತ್ತೆ ಭರತ ಬರಬೇಕು. ವಿದ್ಯಾರ್ಥಿಗಳು ಲೆಕ್ಕ ಹಾಕಿ ಕಾದರು, ನೀರು ಬಂದಿತು.

ಹಿಂದುಳಿದ ಶಬ್ದ

ಆಚೆ ದಂಡೆಯಲ್ಲಿ ಬಡಗಿಯೊಬ್ಬರು ಹಲಗೆಗೆ ಸುತ್ತಿಗೆಯಿಂದ ಬಡಿಯುತ್ತಿದ್ದರು. ಅದನ್ನು ಈಚೆ ದಂಡೆಯಿಂದ, ದೂರವನ್ನು ಹತ್ತಿರಕ್ಕೆಳೆಯುವ ಮಸೂರದ ಮೂಲಕ ಚಿತ್ರಿಸಿದ್ದರು. ಪರದೆಯಲ್ಲಿ ನೋಡುವಾಗ ಸುತ್ತಿಗೆ ಹಲಗೆಗೆ ತಾಗಿ, ಮೇಲೇಳತೊಡಗಿದ ಬಳಿಕ ಶಬ್ದ ಕೇಳಿಸುತ್ತಿತ್ತು. ನಮ್ಮ ಕರಾವಳಿಯ 30 ಡಿಗ್ರಿ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರು. ಅದನ್ನು 24ರಿಂದ ಭಾಗಿಸಿದರೆ, ಒಂದು ಬಿಡಿಚಿತ್ರದ ಅವಧಿಯಲ್ಲಿ ಶಬ್ದವು ಕ್ರಮಿಸುವ ದೂರ ಸುಮಾರು 14.6 ಮೀಟರು. ಇಲ್ಲಿ ಶಬ್ದವು ನಾಲ್ಕು ಬಿಡಿಚಿತ್ರಗಳಷ್ಟು ಹಿಂದುಳಿದಿತ್ತು. ಎಂದರೆ ಬಡಗಿಯಿದ್ದ ದೂರ ಸುಮಾರು 58 ಮೀಟರು. ದಂಡೆಯಿಂದ ದಂಡೆಗೆ ಹಗ್ಗ ಹಿಡಿಯದೆಯೇ ನೀರಿನ ಅಗಲ ದೊರೆತಂತಾಯಿತು.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಪ್ರಕೃತಿಯಲ್ಲಿ ಶಬ್ದ ತಡವಾಗಿಯೇ ಬಂತಲ್ಲ? ಅದನ್ನು ನಾಲ್ಕು ಚಿತ್ರ ಮುಂದಕ್ಕೆ ಸರಿಸಿದರೆ ಸುಳ್ಳಾಗುವುದಿಲ್ಲವೆ?” ಮಸೂರವು ಕಣ್ಣನ್ನು ಬಡಗಿಯ ಹತ್ತಿರಕ್ಕೆ ಒಯ್ದಿದೆ, ಕಿವಿ ಮಾತ್ರ ಈಚೆ ದಂಡೆಯಲ್ಲೇ ಉಳಿದಿದೆ. ಕಿವಿಯನ್ನೂ ಕಣ್ಣಿದ್ದಲ್ಲಿಗೆ ಒಯ್ಯುವುದು ಸುಳ್ಳಲ್ಲ ಎಂದು ನಾವು ಹೇಳಿದೆವು. ಆಕೆ ಒಪ್ಪಿದಳು. ಆದರೆ ಆ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ.

ಒಂದು ಮುಖದ ಪ್ರಶ್ನೆ

ಬ್ರಹ್ಮಾವರದ ಮೀನುಪೇಟೆಯಲ್ಲಿ ವೃದ್ಧೆಯೊಬ್ಬರು, ಪಕ್ಕದವರು ಕೂಗುತ್ತಿದ್ದ ಬೆಲೆಗೆ ಕಿವಿಗೊಟ್ಟು, ದೂರಕ್ಕೆ ನೋಡುತ್ತ ಕುಳಿತಿದ್ದರು. ಸುಕ್ಕುಗಟ್ಟಿದ ಆ ಸುಂದರ ಮುಖವನ್ನು ವಿದ್ಯಾರ್ಥಿಗಳು ಬೈಂದೂರಿನ ಕಡಲಿನ ಅಲೆಗೆ ಜೋಡಿಸಿದರು. ಕೂಡಲೇ ಆಕೆ, ಕಡಲಿಗೆ ಹೋಗಿ ಮರಳದ ಮಗನಿಗಾಗಿ ಕಾಯುವ ತಾಯಿಯಾದರು. ಕೋಣೆಯಲ್ಲಿದ್ದವರ ಕಣ್ಣುಗಳು ಒದ್ದೆಯಾದುವು. ಕುಲೆಶೋವರ ಪ್ರಯೋಗ ನೂರು ವರ್ಷಗಳ ತರುವಾಯವೂ ಫಲಿಸಿತ್ತು!

ಆಗ ಅದೇ ವಿದ್ಯಾರ್ಥಿನಿ ಎದ್ದು, “ಈ ಅಜ್ಜಿಯ ಮಗ ಮನೆಯಲ್ಲಿ ಚೆನ್ನಾಗಿಯೇ ಇದ್ದಾನೆ. ನಾಳೆ ಅವರು ಇದನ್ನು ನೋಡಿದರೆ?” ಎಂದಳು. ಎರಡು ಸಂಜೆ ಚರ್ಚೆ ನಡೆಯಿತು. ಹೇಗಿದ್ದರೂ ಮೂರು ಗಂಟೆಗಳಲ್ಲಿ ಆರು ನಿಮಿಷಗಳನ್ನಷ್ಟೇ ಇಟ್ಟುಕೊಂಡಿದ್ದೇವೆ, ಆಯ್ಕೆಯೆಂದರೇ ತಿರುಚುವುದಲ್ಲವೆ, ಎಂದು ಕೆಲವರ ವಾದ.

ನಮಗೆ ಪ್ರಯೋಗಶಾಲೆಯ ನೆನಪಾಯಿತು. ಲೋಲಕದ ಆವರ್ತಕಾಲವನ್ನು ಅಳೆಯುವ ವಿದ್ಯಾರ್ಥಿಯೂ ಎಲ್ಲವನ್ನೂ ಬರೆಯುವುದಿಲ್ಲ. ಗೋಡೆಯ ಬಣ್ಣ, ಮೇಜಿನ ಉದ್ದಗಳನ್ನು ಬಿಡುತ್ತಾನೆ. ಅದು ಆಯ್ಕೆ. ಆದರೆ ರೇಖೆಯ ಮೇಲೆ ಬೀಳದ ಅಳತೆಗಳನ್ನಷ್ಟೇ ಹೊಡೆದುಹಾಕಿದರೆ ಅದು ಮೋಸ. ಎರಡಕ್ಕೂ ಇರುವ ವ್ಯತ್ಯಾಸವನ್ನು ಹೀಗೆ ಹೇಳಬಹುದು: ಬಿಟ್ಟದ್ದನ್ನು ತಂದು ತೋರಿಸಿದಾಗ, ಇಟ್ಟದ್ದು ಸುಳ್ಳಾಗಬಾರದು. ಬಡಗಿಯ ಶಬ್ದ ಈ ಪರೀಕ್ಷೆಯಲ್ಲಿ ಗೆದ್ದಿತು. ಮೂರು ಊರುಗಳು ಒಂದಾದ ಸಂಗತಿ, ಚಿತ್ರದ ಆರಂಭದಲ್ಲೇ ಅವುಗಳ ಹೆಸರನ್ನು ತೋರಿಸುವುದರಿಂದ ಗೆಲ್ಲುತ್ತದೆ. ಅಜ್ಜಿಯ ಮುಖ ಮಾತ್ರ ಸೋತಿತು. ಏಕೆಂದರೆ ಬಿಟ್ಟ ತುಣುಕಿನಲ್ಲಿ ಆಕೆ, ಮರುಕ್ಷಣವೇ ಬೆಲೆ ಕೇಳಿ ನಗುತ್ತಿದ್ದರು. ಕಥಾಚಿತ್ರದಲ್ಲಿ ನಟಿಯ ಮುಖವಾಗಿದ್ದರೆ ಆಕ್ಷೇಪವಿರಲಿಲ್ಲ. ಇದು ಸಾಕ್ಷ್ಯಚಿತ್ರ, ಹೆಸರಲ್ಲೇ ಸಾಕ್ಷ್ಯವಿದೆ.

ಅಲೆಯನ್ನು ತೆಗೆದು, ಆ ನಗುವನ್ನು ಸೇರಿಸಿದರು. ಚಿತ್ರ ಹನ್ನೊಂದು ಸೆಕೆಂಡು, ಎಂದರೆ 264 ಬಿಡಿಚಿತ್ರಗಳಷ್ಟು ಚಿಕ್ಕದಾಯಿತು. ಈಗ ಯಾರೂ ಅಳುವುದಿಲ್ಲ. ಚಿತ್ರದ ಬಲವೇ ಹೋಯಿತೆಂದು ತಂಡದ ಒಬ್ಬನಿಗೆ ಇಂದಿಗೂ ಅನಿಸುತ್ತದೆ. ಅವನ ಮಾತನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ.

ಈ ಪ್ರಯೋಗವನ್ನು ವಾಚಕರು ಮನೆಯಲ್ಲಿಯೇ ಮಾಡಿನೋಡಬಹುದು. ಸುಮ್ಮನೆ ಕುಳಿತ ಗೆಳೆಯನೊಬ್ಬನ ಮುಖವನ್ನು ಅವನ ಒಪ್ಪಿಗೆ ಪಡೆದು ಐದು ಸೆಕೆಂಡು ಚಿತ್ರಿಸಿರಿ. ಅದನ್ನು ಒಮ್ಮೆ ಬಿಸಿ ನೀರುದೋಸೆಗೆ, ಒಮ್ಮೆ ಪರೀಕ್ಷೆಯ ಅಂಕಪಟ್ಟಿಗೆ, ಒಮ್ಮೆ ಖಾಲಿ ಕುರ್ಚಿಗೆ ಜೋಡಿಸಿರಿ. ಏನೂ ತಿಳಿಯದ ಮೂವರಿಗೆ ಒಂದೊಂದನ್ನೇ ತೋರಿಸಿ, ಅವನಿಗೆ ಏನನಿಸುತ್ತಿದೆಯೆಂದು ಕೇಳಿರಿ. ಅವರ ಉತ್ತರಗಳನ್ನು ಬರೆದಿಟ್ಟುಕೊಂಡ ಮೇಲೆ, ಅದೇ ಪ್ರಶ್ನೆಯನ್ನು ಕೊನೆಯದಾಗಿ ಆ ಗೆಳೆಯನಿಗೂ ಕೇಳಲು ಮರೆಯಬೇಡಿರಿ.