ಬಂದು ಹೋಗುವ ವಿದ್ಯುತ್ ದೋಷ: ಬಿಡಿಭಾಗ ಬದಲಿಸುವ ಮುನ್ನ

ವರ್ತಕರ ಕಾರು, ವ್ಯಾನುಗಳಲ್ಲಿ ಹೆಚ್ಚು ಹಣ ನುಂಗುವ ದೋಷವೆಂದರೆ ವಾಹನವು ಪೂರ್ಣವಾಗಿ ಕೆಟ್ಟು ನಿಲ್ಲುವುದಲ್ಲ. ನಡುದಾರಿಯಲ್ಲಿ ನಿಂತು, ಅರ್ಧ ಗಂಟೆಯ ಬಳಿಕ ಏನೂ ಆಗದಂತೆ ಪುನಃ ಚಾಲೂ ಆಗುವುದು. ಗ್ಯಾರೇಜು ತಲುಪುವಷ್ಟರಲ್ಲಿ ದೋಷವು ಅಡಗಿರುತ್ತದೆ. ಆಗ ಊಹೆಯ ಮೇಲೆ ಬ್ಯಾಟರಿ, ಪೆಟ್ರೋಲ್ ಪಂಪು, ಕೊನೆಗೆ ಇಸಿಯು ಸಹ ಬದಲಾಗುತ್ತವೆ. ಬಿಲ್ಲು ಬೆಳೆಯುತ್ತದೆ, ದೋಷ ಉಳಿಯುತ್ತದೆ.

ಇದು ಕೇವಲ ಖರ್ಚಿನ ಪ್ರಶ್ನೆಯಲ್ಲ. ಎಂಜಿನ್ ನಿಂತೊಡನೆ ಪವರ್ ಸ್ಟೀರಿಂಗಿನ ನೆರವು ತಪ್ಪಬಹುದು. ಬ್ರೇಕಿನ ನಿರ್ವಾತ ಬಲವು ಒಂದೆರಡು ಬಾರಿ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಹಿಂಪಡೆದದ್ದು ಇಂತಹುದೇ ಕಾರಣಕ್ಕೆ. ಇಗ್ನಿಷನ್ ಸ್ವಿಚ್ಚಿನ ಹಿಡಿತ ಸಡಿಲವಿದ್ದು, ಚಾಲನೆಯಲ್ಲಿರುವಾಗಲೇ ಕೀಲಿ ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗೂ ನಿಷ್ಕ್ರಿಯವಾಗುತ್ತಿತ್ತು. ಸಂಸ್ಥೆಯ ಪರಿಹಾರ ನಿಧಿಯು 124 ಸಾವುಗಳ ಹಕ್ಕುಗಳನ್ನು ಮಾನ್ಯ ಮಾಡಿತು. ದುರಸ್ತಿಯಾಗುವವರೆಗೆ ಮಾಲೀಕರಿಗೆ ದೊರೆತ ಸಲಹೆಯೆಂದರೆ, ಗೊಂಚಲಿನಲ್ಲಿ ಕಾರಿನ ಕೀಲಿಯೊಂದನ್ನೇ ಇರಿಸುವುದು. ಅಂಗಡಿ, ಗೋದಾಮು, ತಿಜೋರಿಗಳ ಕೀಲಿಗಳನ್ನೆಲ್ಲ ಒಂದೇ ಗೊಂಚಲಿನಲ್ಲಿ ತೂಗಿಸುವ ವರ್ತಕರು ಇದನ್ನು ಗಮನಿಸಬೇಕು.

ಪತ್ತೆಯ ಮೊದಲ ಸಾಧನ ಚಾಲಕನ ಕಣ್ಣು. ವಾಹನ ನಿಂತ ಕ್ಷಣದಲ್ಲಿ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಆರಿದವೆ, ಅಥವಾ ಎಂಜಿನ್ ಮಾತ್ರ ನಿಂತಿತೆ? ಎಲ್ಲವೂ ಆರಿದರೆ ಸಂಶಯವು ಬ್ಯಾಟರಿ ಟರ್ಮಿನಲ್, ಅರ್ಥಿಂಗ್ ತಂತಿ, ಇಗ್ನಿಷನ್ ಸ್ವಿಚ್ಚುಗಳ ಮೇಲೆ. ದೀಪಗಳು ಉರಿಯುತ್ತಿದ್ದರೆ ರಿಲೇ, ಪಂಪು, ಸೆನ್ಸರುಗಳತ್ತ ನೋಡಬೇಕು. ಗೇರಿನಲ್ಲಿ ವಾಹನ ಇನ್ನೂ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಥಟ್ಟನೆ ಸೊನ್ನೆಗೆ ಬಿದ್ದರೆ, ಕ್ರ್ಯಾಂಕ್ ಸೆನ್ಸರಿನ ಸಂಕೇತ ಕಡಿದಿರುವ ಸಾಧ್ಯತೆ ಬಲವಾಗಿದೆ. ಈ ಸೆನ್ಸರಿನೊಳಗಿನ ಸೂಕ್ಷ್ಮ ಬಿರುಕು ಬಿಸಿಗೆ ಹಿಗ್ಗಿ ಬೇರ್ಪಡುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಅರ್ಧ ಗಂಟೆಯ ರಹಸ್ಯವು ಹಲವು ಬಾರಿ ಇಷ್ಟೇ.

ಬಳಿಕ ಮೀಟರಿನ ಕೆಲಸ. ಪೂರ್ಣ ಚಾರ್ಜಾದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಇಲ್ಲಿಗೆ ಬಹುತೇಕರು ನಿಲ್ಲಿಸಿಬಿಡುತ್ತಾರೆ, ನಿಜವಾದ ಪರೀಕ್ಷೆ ಮುಂದಿದೆ. ಹತ್ತಾರು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ ಅಳತೆಯಲ್ಲಿ ಅದು ಸರಿಯಿರುವಂತೆಯೇ ಕಾಣುತ್ತದೆ. ಭಾರ ಹಾಕಿದಾಗಲೇ ಬಣ್ಣ ಬಯಲಾಗುವುದು. ಆದುದರಿಂದ ಬ್ಯಾಟರಿಯ ಋಣ ತುದಿಗೂ ಎಂಜಿನ್ನಿನ ಲೋಹಕ್ಕೂ ಮೀಟರಿನ ಕಡ್ಡಿಗಳನ್ನು ತಾಗಿಸಿ ಸ್ಟಾರ್ಟರ್ ತಿರುಗಿಸಬೇಕು. 0.3 ವೋಲ್ಟಿಗಿಂತ ಅಧಿಕ ತೋರಿದರೆ ಅರ್ಥಿಂಗ್ ಮಾರ್ಗದಲ್ಲಿ ತಡೆಯಿದೆ. ತುಕ್ಕು ಉಜ್ಜಿ ಬೋಲ್ಟ್ ಬಿಗಿ ಮಾಡುವುದರಿಂದಲೇ ಇದು ಅನೇಕ ವೇಳೆ ನೀಗುತ್ತದೆ. ಎಂಜಿನ್ ಓಡುತ್ತಿರುವಾಗ ವೈರಿಂಗ್ ಕಟ್ಟನ್ನು, ಚಲಿಸುವ ಬೆಲ್ಟು ಫ್ಯಾನುಗಳಿಂದ ಕೈ ದೂರವಿರಿಸಿ, ಅಲ್ಲಲ್ಲಿ ಅಲುಗಿಸಿ ನೋಡುವುದೂ ಉಪಯುಕ್ತ.

ಓಬಿಡಿ ವ್ಯವಸ್ಥೆಯುಳ್ಳ ವಾಹನಗಳಲ್ಲಿ ದೋಷಸಂಕೇತದೊಡನೆ ಆ ಕ್ಷಣದ ವೇಗ, ಉಷ್ಣತೆಗಳೂ ದಾಖಲಾಗಿರಬಹುದು. ಬ್ಯಾಟರಿ ಕಳಚಿದರೆ ಹಲವು ವಾಹನಗಳಲ್ಲಿ ಈ ಮಾಹಿತಿ ಅಳಿಸಿಹೋಗುತ್ತದೆ. ಮೊದಲು ಸ್ಕ್ಯಾನರ್ ಜೋಡಿಸಿ ಬರೆದುಕೊಳ್ಳುವಂತೆ ಗ್ಯಾರೇಜಿನವರಿಗೆ ಮುಂಚಿತವಾಗಿಯೇ ತಿಳಿಸುವುದು ಒಳಿತು. ಜಾಬ್ ಕಾರ್ಡಿನಲ್ಲಿ ಬದಲಿಸಿದ ಭಾಗದ ಹೆಸರಷ್ಟೇ ಅಲ್ಲ, ಅದನ್ನು ಬದಲಿಸಲು ಕಾರಣವಾದ ಅಳತೆಯನ್ನೂ ಬರೆಸಿಕೊಂಡು, ಹಳೆಯ ಭಾಗವನ್ನು ಕೇಳಿ ಪಡೆಯಬೇಕು.