ಕೆರೆಯಲ್ಲಿ ಮೀನು ಎಲ್ಲಿದೆ?

ದೊಡ್ಡ ಕೆರೆಯಲ್ಲಿ ಮೀನು ಹುಡುಕುವವರು ನೀರಿಗಿಂತ ಮೊದಲು ಏರಿಯನ್ನು ನೋಡಬೇಕು. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಲಿನ ಹಳೆಯ ಕೆರೆಗಳೆಲ್ಲ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕಟ್ಟಿದವು. ಹಾಗಾಗಿ ತೂಬಿನ ಬಳಿ ಆಳ ಹೆಚ್ಚು. ನೀರು ಬಂದು ಸೇರುವ ಕಡೆ ಮೊಣಕಾಲುದ್ದವೂ ಇರುವುದಿಲ್ಲ. ಬಿಸಿಲು ಏರಿದಂತೆ ದೊಡ್ಡ ಮೀನುಗಳು ಸಾಮಾನ್ಯವಾಗಿ ಆಳಕ್ಕೆ ಸರಿಯುತ್ತವೆ.

ಆಳದಲ್ಲೂ ಪಾಲುಪಟ್ಟಿ ಇದೆ. ಕಾಟ್ಲ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರಿನಲ್ಲಿ. ಮೂರ್ನಾಲ್ಕು ಜಾತಿಯ ಮೀನುಗಳನ್ನು ಒಂದೇ ಕೆರೆಗೆ ಬಿಡುವ ಪದ್ಧತಿ ನಿಂತಿರುವುದೇ ಈ ಹಂಚಿಕೆಯ ಮೇಲೆ.

ಇನ್ನು ಗಾಳಿ. ಅದು ಮೇಲಿನ ಬೆಚ್ಚನೆ ನೀರನ್ನೂ ಅದರಲ್ಲಿ ತೇಲುವ ಸೂಕ್ಷ್ಮಜೀವಿ, ಹುಳುಗಳನ್ನೂ ಎದುರು ದಡಕ್ಕೆ ತಳ್ಳುತ್ತದೆ. ಮುಂಗಾರಿನಲ್ಲಿ ಬೆಂಗಳೂರಿಗೆ ಪಡುವಣ ಗಾಳಿ. ಆಗ ಮೇವು ಸೇರುವುದು ಮೂಡಣ ದಡದಲ್ಲಿ. ಗಾಳಿ ಬೀಸುವ ದಿಕ್ಕಿನಲ್ಲೇ ನೀರಿನ ಮೇಲೆ ನೊರೆ, ಕಸದ ಉದ್ದುದ್ದ ಸಾಲುಗಳು ಮೂಡುವುದನ್ನು ನೀವೂ ನೋಡಿರಬಹುದು. 1927ರಲ್ಲಿ ಅಟ್ಲಾಂಟಿಕ್ ದಾಟುವಾಗ ಸಮುದ್ರಪಾಚಿಯ ಇಂಥ ಸಾಲುಗಳನ್ನು ಕಂಡ ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್, ಲೇಕ್ ಜಾರ್ಜ್ ಸರೋವರದಲ್ಲಿ ಪ್ರಯೋಗ ನಡೆಸಿ 1938ರಲ್ಲಿ ಕಾರಣ ತಿಳಿಸಿದರು: ಮೇಲ್ಪದರದ ನೀರು ಜೋಡಿ ಜೋಡಿ ಸುರುಳಿಗಳಾಗಿ ಉರುಳುತ್ತದೆ, ಎರಡು ಸುರುಳಿ ಕೂಡಿ ಕೆಳಗಿಳಿಯುವಲ್ಲಿ ತೇಲುವುದೆಲ್ಲ ಸಾಲುಗಟ್ಟುತ್ತದೆ. ಗರಿ, ನೂಲು ಸುತ್ತಿ ಹುಳುವಿನಂತೆ ಮಾಡಿದ ಕೊಕ್ಕೆ ಎಸೆಯುವ ಫ್ಲೈ ಫಿಶಿಂಗ್‌ನವರು ದೊಡ್ಡ ಸರೋವರಗಳಲ್ಲಿ ಮೊದಲು ಅರಸುವುದು ಈ ಸಾಲುಗಳನ್ನೇ.

ಆದರೆ ನಮ್ಮ ಕೆರೆಗಳಲ್ಲಿ ಮೀನಿನ ಜಾಗವನ್ನು ಮೇವಿಗಿಂತ ಹೆಚ್ಚಾಗಿ ಉಸಿರು ನಿರ್ಧರಿಸುತ್ತಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗಬಲ್ಲ ಆಮ್ಲಜನಕ ಸುಮಾರು 8 ಮಿಲಿಗ್ರಾಂ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇನ್ನೂ ಕಡಿಮೆ. ಗೆಂಡೆ ಜಾತಿಯ ಮೀನುಗಳು ನೆಮ್ಮದಿಯಾಗಿರಲು 5 ಮಿಲಿಗ್ರಾಂ ಆದರೂ ಬೇಕು. ಒಳಚರಂಡಿ ನೀರು ಸೇರಿದರೆ ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳೇ ಆಮ್ಲಜನಕವನ್ನು ಮುಗಿಸುತ್ತವೆ. ಅದೇ ಕೊಳಚೆಯ ಗೊಬ್ಬರದಿಂದ ಹಬ್ಬಿದ ಪಾಚಿ ಹಗಲಲ್ಲಿ ಆಮ್ಲಜನಕ ಕೊಡುತ್ತದೆ, ಇರುಳಲ್ಲಿ ತಾನೇ ಹೀರುತ್ತದೆ. ಹೀಗಾಗಿ ಕೊರತೆ ತೀರಾ ಹೆಚ್ಚುವುದು ನಸುಕಿನಲ್ಲಿ.

ಆ ಹೊತ್ತಿಗೆ ಮೀನು ಮೇಲೆ ಬಂದಿದ್ದರೆ ಹಸಿವೆಂದು ತಿಳಿಯಬೇಡಿ. ಮೇಯುವ ಮೀನು ಒಂದು ಉಂಗುರ ಎಬ್ಬಿಸಿ ಮುಳುಗುತ್ತದೆ. ಉಸಿರುಗಟ್ಟಿದ ಮೀನುಗಳು ಗುಂಪಾಗಿ ಬಾಯಿ ತೆರೆದು, ಗಾಳಿಗೆ ತಾಗಿದ ತೆಳುಪದರದ ನೀರನ್ನು ಗುಟುಕರಿಸುತ್ತ ಅಲ್ಲೇ ನಿಲ್ಲುತ್ತವೆ. ಎರೆಹುಳು ತೋರಿಸಿದರೂ ಮೂಸುವುದಿಲ್ಲ. ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಮರಲ್, ಆಫ್ರಿಕನ್ ಕ್ಯಾಟ್‌ಫಿಶ್ ಮುಂತಾದವು ಮಾತ್ರ ಇಂಥ ನೀರಿನಲ್ಲೂ ಬದುಕುತ್ತವೆ. ಕೆರೆಯಲ್ಲಿ ಅವೇ ಸಿಗುತ್ತಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದು ದೇಶಕ್ಕೇ ಕಂಡಿತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಉಸಿರುಗಟ್ಟುವುದು ಬೆಂಕಿಯಷ್ಟು ದೂರಕ್ಕೆ ಕಾಣುವುದಿಲ್ಲ.

ಮೀನುಗಳು ಹೀಗೆ ಗುಟುಕರಿಸುವುದು ಕಂಡರೆ ಗಾಳ, ಬಲೆ ಎತ್ತಿಡಿ. ಫೋಟೊ ತೆಗೆದು ಸಮಯ ಬರೆದಿಟ್ಟುಕೊಂಡು ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ, ನೀರಿನ ಮಾದರಿಯನ್ನು ನಸುಕಿನಲ್ಲೇ ತೆಗೆಯುವಂತೆ ಒತ್ತಾಯಿಸಿ. ಮಧ್ಯಾಹ್ನದ ಹೊತ್ತಿಗೆ ಪಾಚಿ ಮತ್ತೆ ಆಮ್ಲಜನಕ ತುಂಬಿರುತ್ತದೆ. ಆಗ ತೆಗೆದ ಮಾದರಿಯಲ್ಲಿ ಬೆಳಗಿನ ಕೊರತೆ ಕಾಣಿಸುವುದೇ ಇಲ್ಲ.